ಕೇಳುವ ಪೆಟ್ಟಿಗೆ ನೇಯ್ದ ಬಟ್ಟೆ

ಆ ಊರಿನ ಹೆಸರು ಕೇಳಬೇಡಿ. ಅಲ್ಲಿಂದ ಬಂದವರಿಗೇ ಅದು ನೆನಪಿಲ್ಲ. ಹೊಳೆ ದಂಡೆಯ ಊರು. ಬೆಳಗಾದರೆ ಹೊಳೆಯಿಂದ ಮಂಜು ಎದ್ದು ಓಣಿ ಓಣಿಯನ್ನೂ ತುಂಬುತ್ತಿತ್ತು. ಮಂಜು ತುಂಬಿದ ಮೇಲೆ ಊರಿಗೆಲ್ಲ ಒಂದೇ ಕಟ್ಟಳೆ: ಗಂಟೆ ಹೊಡೆಯುವ ತನಕ ಯಾರೂ ಬಾಗಿಲು ತೆಗೆಯಕೂಡದು.

ಅಲ್ಲಿನ ಮಂಜಿನಲ್ಲಿ ಎರಡು ಬಗೆ. ಒಂದು ಬರೀ ಮಂಜು, ಮೈಕೈ ಒದ್ದೆ ಮಾಡಿ ಹೋಗುತ್ತದೆ. ಇನ್ನೊಂದು ಕಳ್ಳ ಮಂಜು. ಅದರೊಳಗೆ ಸ್ವಲ್ಪ ಹೊತ್ತು ನಿಂತವರ ತಲೆಯಿಂದ ಒಂದು ಹೆಸರನ್ನೋ ಒಂದು ಹಾಡನ್ನೋ ಎತ್ತಿಕೊಳ್ಳುತ್ತದೆ. ಹೊಳೆಯ ತನಕ ನಡೆದವರಿಂದ ಎಲ್ಲವನ್ನೂ ಎತ್ತಿಕೊಳ್ಳುತ್ತದೆ. ಹಾಗೆ ನಡೆದುಹೋದವರು ಆಚೆ ದಡದಲ್ಲಿ ಕೂತು ತಮ್ಮ ಊರನ್ನೇ ನೋಡುತ್ತ, ಅದು ಯಾರ ಊರು ಎಂದು ಒಬ್ಬರನ್ನೊಬ್ಬರು ಕೇಳುತ್ತಾರಂತೆ. ಕಣ್ಣಿಗೆ ಮಾತ್ರ ಎರಡು ಮಂಜೂ ಒಂದೇ ಬಿಳುಪು. ಬಿಸಿಲು ನೆತ್ತಿಗೇರಿದರೆ ಎರಡೂ ಕರಗುತ್ತವೆ, ನಿಜ. ಆದರೆ ಅಲ್ಲಿಯ ತನಕ ಕಾಯುವ ವ್ಯವಧಾನ ಯಾರಿಗಿದೆ? ಹಾಲು ಒಡೆಯುತ್ತದೆ, ಸಂತೆ ತಪ್ಪುತ್ತದೆ.

ಅದಕ್ಕೇ ಊರಿಗೊಬ್ಬಳು ನೋಡುವಾಕೆ ಇದ್ದಳು. ಗಂಟೆ ಇದ್ದುದು ಅವಳ ಮನೆಯ ಸೂರಿನಲ್ಲಿ. ಇಂದಿನ ಮಂಜು ಯಾವ ಬಗೆಯದೆಂದು ಅವಳು ಒಳಗಿನಿಂದಲೇ ಹೇಳುತ್ತಿದ್ದಳು. ಬರೀ ಮಂಜಾದರೆ ಗಂಟೆ ಹೊಡೆಯುವಳು, ಕಳ್ಳ ಮಂಜಾದರೆ ಹಗ್ಗ ಮುಟ್ಟುತ್ತಿರಲಿಲ್ಲ. ಅವಳ ತಾಯಿಯೂ ನೋಡುವಾಕೆಯೇ. ಇಬ್ಬರ ಕೈಯಲ್ಲೂ ಗಂಟೆ ತಪ್ಪಿದ್ದಿಲ್ಲ. ದಾರಿಯಲ್ಲಿ ಸಿಕ್ಕರೆ ಜನ ಅವಳಿಗೆ ಕೈಮುಗಿಯುತ್ತಿದ್ದರು, ಹಿಂದೆ ಬರುವ ಅವಳ ತಮ್ಮನನ್ನು ಕಂಡು ಮುಸಿಮುಸಿ ನಗುತ್ತಿದ್ದರು. ತಮ್ಮನಿಗೆ ಗಡ್ಡ ನರೆತಿತ್ತು, ಉಪ್ಪನ್ನು ಉಪ್ಪೆನ್ನಲು ಬರುತ್ತಿರಲಿಲ್ಲ. ಅಕ್ಕನ ಪುಣ್ಯದಿಂದ ಕೂತು ಉಣ್ಣುವ ದಂಡಪಿಂಡ ಎಂದೇ ಊರು ಅವನನ್ನು ಕರೆಯುತ್ತಿತ್ತು.

ನಿಮಗೆ ಹೇಗೆ ತಿಳಿಯುತ್ತದೆ ಎಂದು ಯಾರಾದರೂ ಕೇಳಿದರೆ ನೋಡುವಾಕೆ ತನ್ನ ಅಮ್ಮ ಕಲಿಸಿಕೊಟ್ಟದ್ದನ್ನೇ ಒಪ್ಪಿಸುತ್ತಿದ್ದಳು. "ಕಿಟಕಿ ಸಂದಿಗೆ ಮೂಗಿಟ್ಟರೆ ಕಳ್ಳ ಮಂಜಿಗೆ ಹಸಿ ಬೂದಿ ವಾಸನೆ. ದೂರದಲ್ಲಿ ನಾಯಿ ಬೊಗಳಿದರೆ ದನಿ ದಪ್ಪ. ಮುಂಗೈ ಮೇಲೆ ಕೂತರೆ ಭಾರ." ಕೇಳಿದವರು ತಲೆದೂಗುತ್ತಿದ್ದರು. ಅದಷ್ಟೂ ಬೊಗಳೆ.

ನಿಜ ಬೇರೆಯೇ ಇತ್ತು. ಊರಿಗೆಲ್ಲ ಬಾಗಿಲು ತೆಗೆಯಬೇಡಿ ಎನ್ನುವ ಆ ಮನೆಯಲ್ಲೇ ದಿನಾ ಮೊದಲು ಬಾಗಿಲು ತೆರೆಯುತ್ತಿತ್ತು. ನೋಡುವಾಕೆ ಹಿತ್ತಿಲ ಬಾಗಿಲನ್ನು ಕೊಂಚವೇ ಸರಿಸಿ ತಮ್ಮನನ್ನು ಹೊರಗೆ ಕಳಿಸುತ್ತಿದ್ದಳು. ಅವನು ಹೊಸ್ತಿಲಾಚೆಯ ಚಪ್ಪಡಿಯ ಮೇಲೆ, ಎಲೆ ಅಡಿಕೆ ಮೆಲ್ಲುವಷ್ಟು ಹೊತ್ತು, ಕೈಕಟ್ಟಿ ನಿಂತು ಒಳಗೆ ಬರುತ್ತಿದ್ದ. ಬಂದವನನ್ನು ಒಲೆಯ ಮುಂದೆ ಕೂರಿಸಿ ಅವಳು ಕೇಳುತ್ತಿದ್ದಳು. ಇದೇನು? ಬೆಂಕಿ. ಇದೇನು? ನೀರು. ನಾನು ಯಾರು? ಅಕ್ಕ. ನಿನ್ನೆ ಅವನಲ್ಲಿ ಇದ್ದದ್ದೆಲ್ಲ ಇಂದೂ ಇದ್ದರೆ ಹೊರಗಿರುವುದು ಬರೀ ಮಂಜು. ಒಂದು ಕಡಿಮೆಯಾಗಿದ್ದರೆ ಕಳ್ಳ ಮಂಜು. ಅವಳು ನೋಡುತ್ತಿದ್ದುದು ಮಂಜನ್ನಲ್ಲ, ತಮ್ಮನನ್ನು.

ಅಮ್ಮನ ಕಾಲದಲ್ಲಿ ಚಪ್ಪಡಿಯ ಮೇಲೆ ನಿಲ್ಲುತ್ತಿದ್ದವನು ಅಪ್ಪ. ಒಂದು ಬೆಳಗ್ಗೆ ಒಳಗೆ ಬಂದವನು ಅಮ್ಮನ ಮುಖ ನೋಡಿ, "ತಾಯಿ, ಇದು ಯಾರ ಮನೆ?" ಎಂದು ಕೇಳಿದ. ಅಮ್ಮ ಹಗ್ಗ ಮುಟ್ಟಲಿಲ್ಲ. ಊರು ಬದುಕಿಕೊಂಡಿತು. ಅಂದು ಊರು ಅಮ್ಮನನ್ನು ಹೊಗಳಿದಷ್ಟು ಎಂದೂ ಹೊಗಳಿರಲಿಲ್ಲ. ಮರುದಿನ ಅಮ್ಮ ಮಕ್ಕಳಿಬ್ಬರನ್ನೂ ಕರೆದು ಪಾಲು ಹಂಚಿದಳು: "ನೀನು ಕೇಳು, ಅವನು ನಿಲ್ಲಲಿ. ಕೇಳೋರ ತಲೆ ನೆಟ್ಟಗಿರಬೇಕು." ಒಳಗಿರುವ ಪಾಲು ತನಗೆ ಬಂತಲ್ಲ ಎಂದು ಮಗಳಿಗೆ ಅಂದು ಹಾಯೆನಿಸಿತ್ತು. ಅದನ್ನು ನೆನೆದರೆ ಅವಳಿಗೆ ಈಗಲೂ ಮುಖ ಎತ್ತಲಾಗದಷ್ಟು ನಾಚಿಕೆ.

ಮೊದಮೊದಲು ತಮ್ಮನಲ್ಲಿ ಎಷ್ಟೊಂದಿತ್ತು! ಎಲ್ಲ ಕೇಳಿ ಮುಗಿಸುವಷ್ಟರಲ್ಲಿ ಅಕ್ಕಿ ಬೆಂದು ಅನ್ನವಾಗುತ್ತಿತ್ತು. ಹಕ್ಕಿಗಳ ಹೆಸರು ಹೋದವು, ಅಮ್ಮನ ಹಾಡು ಹೋಯಿತು, ಉಪ್ಪು ಹೋಯಿತು. ಈಗ ಉಳಿದದ್ದು ಬೆಂಕಿ, ನೀರು, ಅಕ್ಕ. ಒಲೆ ಹೊತ್ತಿಕೊಳ್ಳುವ ಮೊದಲೇ ಕೇಳುವುದು ಮುಗಿಯುತ್ತಿತ್ತು, ಗಂಟೆ ಬೇಗ ಹೊಡೆಯುತ್ತಿತ್ತು. ನೋಡುವಾಕೆಯ ಕೈ ಎಷ್ಟು ಪಳಗಿದೆ ನೋಡಿ ಎಂದು ಊರು ಮೆಚ್ಚುತ್ತಿತ್ತು. ಯಾವತ್ತೋ ಒಂದು ಬೆಳಗ್ಗೆ 'ಅಕ್ಕ' ಎಂಬುದೂ ಹೋಗುತ್ತದೆ ಎಂಬ ಭಯದಲ್ಲಿ ಅವಳು ಮಲಗಿ, ಅದೇ ಭಯದಲ್ಲಿ ಏಳುತ್ತಿದ್ದಳು.

ಹೀಗಿರುವಾಗ ಊರ ಹಿರಿಯ ಅವಳ ಮನೆಗೆ ಬಂದ. ಜೊತೆಗೆ ಆಚೆ ಸೀಮೆಯ ಒಬ್ಬ ಹೆಂಗಸು, ಅವಳ ಕಂಕುಳಲ್ಲಿ ಒಂದು ಪೆಟ್ಟಿಗೆ.

"ತಪ್ಪು ತಿಳೀಬೇಡ ಕಣಮ್ಮ," ಎಂದ ಹಿರಿಯ. "ನಿನಗೂ ವಯಸ್ಸಾಯ್ತು. ಮಕ್ಕಳಿಲ್ಲ ಮರಿಯಿಲ್ಲ. ನಾಳೆ ನಿನಗೇನಾದ್ರೂ ಆದ್ರೆ ಗಂಟೆ ಹೊಡಿಯೋರು ಯಾರು? ಇವರು ತಿಳಿದೋರ ಹತ್ರ ಕೂತು ಕೇಳ್ತಾರಂತೆ, ತಿಳಿದಿದ್ದನ್ನೆಲ್ಲ ಆ ಪೆಟ್ಟಿಗೆ ಎತ್ತಿಡುತ್ತಂತೆ. ನಿನ್ನ ವಿದ್ಯೆ ಊರಿಗೆ ಉಳೀಲಿ."

'ಎತ್ತಿಡುತ್ತದೆ' ಎಂದದ್ದು ನೋಡುವಾಕೆಗೆ ಚುರುಕ್ಕೆಂದಿತು. ಎತ್ತಿಕೊಳ್ಳುವ ಮಂಜೊಂದು ಸಾಲದೆಂದು ಇದೊಂದು ಬಂತೇ? ಆದರೆ ಹಿರಿಯನ ಮುಂದೆ ಬೇಡ ಎಂದರೆ, ಯಾಕೆ ಬೇಡ ಎಂಬ ಪ್ರಶ್ನೆ ಏಳುತ್ತದೆ. ಅವಳು ಹೂಂಗುಟ್ಟಿದಳು.

ಆ ಹೆಂಗಸನ್ನು ಊರು ಕೇಳುವಾಕೆ ಎಂದು ಕರೆಯಿತು. ದಿನಾ ಗಂಟೆ ಹೊಡೆದ ಮೇಲೆ ಬರುವಳು, ಕೊಟ್ಟ ಬೆಲ್ಲ ನೀರು ಕುಡಿಯುವಳು, ಪೆಟ್ಟಿಗೆಯನ್ನು ಮಣೆಯ ಮೇಲಿಟ್ಟು ಎದುರು ಕೂರುವಳು. ಕೇಳಿದ ಮೇಲೆ ಉತ್ತರ ಬರುವ ತನಕ ಸುಮ್ಮನಿರುವುದು ಅವಳಿಗೆ ಗೊತ್ತಿತ್ತು. ನಮ್ಮಲ್ಲಿ ಬಹಳ ಜನಕ್ಕೆ ಅದು ಬರುವುದಿಲ್ಲ. ಆ ಮೌನ ಸಹಿಸಲಾಗದೆಯೇ ನೋಡುವಾಕೆ ಎಷ್ಟೋ ಸಲ ಬೇಡದ್ದನ್ನೂ ಆಡಿ ನಾಲಗೆ ಕಚ್ಚಿಕೊಂಡಳು.

ಕೇಳುವ ಕ್ರಮ ಹೀಗಿತ್ತು. ಕೇಳುವಾಕೆ ನೆಲದ ಮೇಲೆ ಮೂರು ಕಲ್ಲು ಇಡುವಳು. "ಇದು ಕುಂಬಾರರ ಮನೆ ಮದುವೆಯ ಬೆಳಗ್ಗೆ. ಇದು ಹೊಳೆ ಉಕ್ಕಿದ ಬೆಳಗ್ಗೆ. ಇದು ಕಪ್ಪು ಹಸು ಈದ ಬೆಳಗ್ಗೆ. ಇವುಗಳಲ್ಲಿ ಯಾವ ಎರಡು ಒಂದು ಜಾತಿ ಅಮ್ಮ? ಮೂರನೇದು ಯಾಕೆ ಬೇರೆ?" ನೋಡುವಾಕೆ ಎರಡು ಕಲ್ಲುಗಳನ್ನು ಒಟ್ಟಿಗೆ ಸರಿಸಿ, ಹಸಿ ಬೂದಿ ಎನ್ನುವಳು, ದಪ್ಪ ದನಿ ಎನ್ನುವಳು. "ಅದು ಹೇಗೆ ಗೊತ್ತಾಯ್ತು?" ಎಂದು ಕೇಳುವಾಕೆ. ಅದಕ್ಕೊಂದು ಉತ್ತರ. "ಅದು ಹೇಗೆ ಗೊತ್ತಾಯ್ತು?" ಅದಕ್ಕೆ ಇನ್ನೊಂದು. ಒಂದೊಂದು ಉತ್ತರಕ್ಕೂ ಪೆಟ್ಟಿಗೆಯೊಳಗೆ ಒಂದು ಎಳೆ ಸರಿದಾಡುವ ಸದ್ದು. ಸಂಜೆಗೆ ಪೆಟ್ಟಿಗೆಯ ಸೀಳುಬಾಯಿಂದ ಬಟ್ಟೆ ಹೊರಬರುತ್ತಿತ್ತು, ಅಂದಿನ ಮಾತಷ್ಟನ್ನೂ ಹಿಂದಿನದಕ್ಕೆ ಸೇರಿಸಿ ನೇಯ್ದ ಆಳುದ್ದದ ಬಟ್ಟೆ. ಕೇಳುವಾಕೆ ಅದನ್ನು ಗೋಡೆಗೆ ಇಳಿಬಿಡುತ್ತಿದ್ದಳು. ಆಮೇಲೆ ಪೆಟ್ಟಿಗೆ ತಾನೇ ಆ ಬಟ್ಟೆಯನ್ನು ಓದಿ ಒಪ್ಪಿಸುತ್ತಿತ್ತು.

"ಮದುವೆಯ ಬೆಳಗ್ಗೆಯೂ ಬೂದಿಯ ವಾಸನೆ ಇತ್ತು ಎಂದಿರಿ. ಆದರೂ ಗಂಟೆ ಹೊಡೆದಿರಿ. ಹೊಳೆ ಉಕ್ಕಿದ ಬೆಳಗ್ಗೆ ಯಾವ ವಾಸನೆಯೂ ಇರಲಿಲ್ಲ ಎಂದಿರಿ. ಆದರೂ ಹೊಡೆಯಲಿಲ್ಲ. ಏನೋ ಒಂದು ಬಿಟ್ಟುಹೋಗಿದೆ."

ದಿನಾ ಕೊನೆಗೆ ಅದೇ ಮಾತು. ಪೆಟ್ಟಿಗೆಯ ದನಿಯಲ್ಲಿ ಸಿಟ್ಟಿಲ್ಲ, ಸಡಗರವಿಲ್ಲ. ಏನೋ ಒಂದು ಬಿಟ್ಟುಹೋಗಿದೆ. ಬಟ್ಟೆಯ ನಡುವೆ, ಎಳೆ ಕೂಡದ ಕಡೆ, ಒಂದು ತೂತು ಉಳಿಯುತ್ತಿತ್ತು.

ನೋಡುವಾಕೆಗೆ ಎಲ್ಲದರ ಮೇಲೂ ಅನುಮಾನ ಹತ್ತಿತು. ಕೇಳುವಾಕೆ ಮೆತ್ತಗೆ ಮಾತಾಡುವುದರ ಮೇಲೆ ಅನುಮಾನ. ಅವಳು ಹೋದ ಮೇಲೂ ಮಣೆಯ ಮೇಲೇ ಉಳಿಯುವ ಪೆಟ್ಟಿಗೆಯ ಮೇಲೆ ಅನುಮಾನ. ಅದಕ್ಕೆ ಕುಕ್ಕೆ ಮುಚ್ಚಿದಳು, ಗೋಡೆಯ ಕಡೆ ತಿರುಗಿಸಿಟ್ಟಳು, ತಮ್ಮನನ್ನು ಅದರ ಎದುರು ಕೂರಗೊಡಲಿಲ್ಲ. ಬೆಳಗ್ಗೆ ಪಿಸುಮಾತಿನಲ್ಲಿ ಕೇಳಿ ಪಿಸುಮಾತಿನಲ್ಲೇ ಉತ್ತರ ಪಡೆದಳು. ಬೆಂಕಿ. ನೀರು. ಅಕ್ಕ. ಇಷ್ಟಕ್ಕೇ ಬಿಡಲಿಲ್ಲ, ಹೊಸ ಹೊಸ ಕಾರಣ ಕಟ್ಟಿ ತೂತು ಮುಚ್ಚಲು ನೋಡಿದಳು. ಕಾಗೆ ಕೂಗಿದ ದಿಕ್ಕು ಎಂದಳು, ಮೊಣಕಾಲ ನೋವು ಎಂದಳು. ಅವಳು ಸುಳ್ಳು ಸೇರಿಸಿದಷ್ಟೂ ಸುತ್ತಲಿನ ನೇಯ್ಗೆ ದಟ್ಟವಾಗಿ ತೂತಿನ ಅಂಚು ಸ್ಪಷ್ಟವಾಯಿತು. ಒಂದು ಸಂಜೆ ಅವಳು ಬಟ್ಟೆಯ ಹತ್ತಿರ ಹೋಗಿ ನೋಡಿದಳು. ತೂತಿಗೆ ತಲೆಯಿತ್ತು, ಹೆಗಲಿತ್ತು. ಕೈಕಟ್ಟಿ ನಿಂತ ಒಬ್ಬ ಗಂಡಸಿನ ಆಕಾರ ಅದು.

ಕೇಳುವಾಕೆಯೂ ಅದನ್ನು ನೋಡಿದಳು. ಮರುದಿನ ಬಂದವಳು ಬೆಲ್ಲ ನೀರು ಮುಟ್ಟದೆ ಕೇಳಿದಳು.

"ಅಮ್ಮಾ, ಹಿತ್ತಿಲ ಹೊಸ್ತಿಲಾಚೆ ಚಪ್ಪಡಿ ಯಾಕೆ ಅಷ್ಟು ಸವೆದಿದೆ?"

"ಹಳೇ ಕಲ್ಲು ಕಣಮ್ಮ. ಸವೆಯುತ್ತೆ."

"ನಿಮ್ಮ ತಮ್ಮನ ತಲೆ ದಿನಾ ಬೆಳಗ್ಗೆ ಒದ್ದೆ ಇರುತ್ತಲ್ಲ?"

"ಸ್ನಾನ ಮಾಡ್ತಾನೆ."

"ಬಟ್ಟೆ ಹಾಕ್ಕೊಂಡೇ?"

ಆಮೇಲೆ ಕೇಳುವಾಕೆ ತನ್ನ ಮೌನಕ್ಕೆ ಕೂತಳು. ಏನಾದರೂ ಹೇಳದಿದ್ದರೆ ಆ ಕಣ್ಣು ತಮ್ಮನ ಮೇಲಿಂದ ಸರಿಯುವುದಿಲ್ಲ. ಅರ್ಧ ನಿಜ ಬಿಟ್ಟುಕೊಟ್ಟು ಉಳಿದರ್ಧ ಉಳಿಸಿಕೊಳ್ಳೋಣ ಎಂದುಕೊಂಡಳು ನೋಡುವಾಕೆ.

"ಹೊರಗೆ ನಿಲ್ಲೋದು ನಾನೇ," ಎಂದಳು. "ದಿನಾ ಬೆಳಗ್ಗೆ ನಿಂತು ಬರ್ತೀನಿ. ಕಳ್ಳ ಮಂಜಾದ್ರೆ ಏನೋ ಒಂದನ್ನ ಕಳಕೊಂಡಿರ್ತೀನಿ. ಅದರಿಂದ ಗೊತ್ತಾಗುತ್ತೆ. ಸಾಕಾ?"

ಪೆಟ್ಟಿಗೆಯಲ್ಲಿ ಎಳೆಗಳು ಸರಸರನೆ ಓಡಿದವು. ಮೊದಲ ಬಾರಿಗೆ ಅದು ಕೇಳುವಾಕೆಯ ಅಪ್ಪಣೆಗೂ ಕಾಯದೆ ತಾನೇ ಕೇಳಿತು. "ಇದುವರೆಗೆ ಏನೇನು ಕಳೆದುಕೊಂಡಿರಿ?"

ಈ ಪ್ರಶ್ನೆಗೆ ನೋಡುವಾಕೆ ತಡವರಿಸಲೇ ಇಲ್ಲ. ಬೇರೆ ಯಾವುದಕ್ಕೂ ಅಷ್ಟು ನಿಜವಾದ ಉತ್ತರ ಅವಳ ಬಳಿ ಇರಲಿಲ್ಲ. "ಉಪ್ಪನ್ನ ಉಪ್ಪು ಅನ್ನೋದು ಹೋಯ್ತು. ಅಮ್ಮನ ಹಾಡು ಹೋಯ್ತು. ಎಂಥ ಹಾಡು ಅಂತೀರಿ, 'ನೀರಿಗೆ ಹೋದ ಬಿಂದಿಗೆ ಬಂತೇನೋ' ಅಂತ ಶುರುವಾಗೋದು. ಟಿಟ್ಟಿಭ, ಗೀಜಗ, ಮಿಂಚುಳ್ಳಿ, ಎಲ್ಲ ಹೆಸರೂ ಹೋಯ್ತು. ಅಪ್ಪನ ಮುಖ ಹೋಯ್ತು, ಬಲಗೆನ್ನೆ ಮೇಲೆ ಮಚ್ಚೆ ಇತ್ತು…" ಹೇಳುತ್ತ ಹೇಳುತ್ತ ಅವಳ ಕಣ್ಣು ತುಂಬಿ ಬಂತು.

ಮಾತು ನಿಂತ ಮೇಲೆ ಪೆಟ್ಟಿಗೆ ಒಪ್ಪಿಸಿತು. "ಉಪ್ಪನ್ನು ಉಪ್ಪು ಎಂದಿರಿ. ಹಾಡಿನ ಮೊದಲ ಸಾಲು ಹೇಳಿದಿರಿ. ಕಳೆದುಕೊಂಡವರಿಗೆ ಕಳೆದದ್ದರ ಹೆಸರು ಬರುವುದಿಲ್ಲ. ನೀವು ಏನನ್ನೂ ಕಳೆದುಕೊಂಡಿಲ್ಲ. ಏನೋ ಒಂದು ಬಿಟ್ಟುಹೋಗಿದೆ."

ಕೇಳುವಾಕೆ ಮುಂದಕ್ಕೆ ಬಾಗಿ ತೀರಾ ಮೆತ್ತಗೆ ಕೇಳಿದಳು. "ಅಮ್ಮಾ, ಇವೆಲ್ಲ ಯಾರದು?"

ಒಳಕೋಣೆಯ ಬಾಗಿಲಲ್ಲಿ ತಮ್ಮ ನಿಂತಿದ್ದ. ಅಕ್ಕ ಅಳುವ ಸದ್ದಿಗೆ ಎದ್ದುಬಂದಿದ್ದ. ಗೋಡೆಗೆ ಇಳಿಬಿಟ್ಟಿದ್ದ ಬಟ್ಟೆಯನ್ನು ನೋಡಿದ, ನಡುವಿನ ಆಕಾರವನ್ನು ನೋಡಿದ, ಕಳೆದುಹೋದ ಅಂಗಿ ಸಿಕ್ಕಿದವನ ಹಾಗೆ ಮುಖವರಳಿಸಿ ಹೋಗಿ ಅದರ ಹಿಂದೆ ಕೈಕಟ್ಟಿ ನಿಂತ. ತೂತು ತುಂಬಿತು. ಒಂದು ಕೂದಲೆಳೆಯಷ್ಟೂ ಸಂದು ಉಳಿಯಲಿಲ್ಲ.

"ಏನೂ ಬಿಟ್ಟುಹೋಗಿಲ್ಲ," ಎಂದಿತು ಪೆಟ್ಟಿಗೆ.

ನೋಡುವಾಕೆ ಕೇಳುವಾಕೆಯ ಎರಡೂ ಕೈ ಹಿಡಿದುಕೊಂಡಳು. "ದಮ್ಮಯ್ಯ ಅಂತೀನಿ, ಇದನ್ನ ಬಿಚ್ಚಿಹಾಕಿಬಿಡಮ್ಮ."

ಕೇಳುವಾಕೆಯ ಮುಖ ಬಾಡಿತ್ತು, ಅದು ನಾಟಕವಾಗಿರಲಿಲ್ಲ. "ನಾನು ಕೇಳೋಳು ಮಾತ್ರ ಅಮ್ಮ. ಅದು ಕೇಳಿಸಿಕೊಂಡಾಗಿದೆ," ಎಂದಳು. ಈ ಮಾತನ್ನು ಅವಳು ಬೇರೆ ಊರುಗಳಲ್ಲೂ ಆಡಿದ್ದಳೆಂದು ಆಡಿದ ರೀತಿಯಲ್ಲೇ ತಿಳಿಯುತ್ತಿತ್ತು.

ಹಿರಿಯ ಬಂದು ಬಟ್ಟೆಯ ಮುಂದೆ ನಿಂತು ಎಲ್ಲವನ್ನೂ ಕೇಳಿಸಿಕೊಂಡ. ಬೈಯುತ್ತಾನೆ ಎಂದು ನೋಡುವಾಕೆ ಕಾದಳು. ಇಷ್ಟು ವರ್ಷ ಮೋಸ ಮಾಡಿದೆ ಎಂದು ಕೂಗಾಡಿದ್ದರೆ ಅವಳಿಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಅವನು ನಿಟ್ಟುಸಿರು ಬಿಟ್ಟು ನಕ್ಕ.

"ಇಷ್ಟೇನಾ! ನಾನು ಏನೋ ದೊಡ್ಡ ವಿದ್ಯೆ ಅಂತ ಹೆದರಿದ್ದೆ. ಹೊರಗೆ ನಿಲ್ಲೋಕೆ ಒಬ್ಬ, ಒಳಗೆ ಕೇಳೋಕೆ ಪೆಟ್ಟಿಗೆ. ನೀನು ಇನ್ನು ಆರಾಮಾಗಿರು ಕಣಮ್ಮ."

"ಅವನಲ್ಲಿ ಇನ್ನು ಮೂರೇ ಮಾತು ಉಳಿದಿರೋದು, ಯಜಮಾನ್ರೇ. ಅದೂ ಮುಗಿದ್ರೆ?"

"ಮುಗಿದ್ರೆ ಇನ್ನೊಬ್ಬ. ಊರಲ್ಲಿ ಕೂತು ಉಣ್ಣೋರಿಗೇನು ಕಮ್ಮಿಯೇ?"

"ಬಿಸಿಲು ಬರೋ ತನಕ ಕಾದ್ರೆ ಯಾರೂ ನಿಲ್ಲಬೇಕಾಗಿಲ್ಲ. ಮಧ್ಯಾಹ್ನದ ತನಕ. ಅಷ್ಟೇ."

"ದಿನಾ ಮಧ್ಯಾಹ್ನದ ತನಕ ಕೂತ್ರೆ ಊರು ಊರಾಗಿರುತ್ತೇನಮ್ಮ?" ಎಂದು ಹಿರಿಯ ಹಗ್ಗದ ಪಕ್ಕದಲ್ಲಿ ಪೆಟ್ಟಿಗೆಗೆ ಜಾಗ ಮಾಡಿಸಿ, ನಾಳೆಯಿಂದ ಹೀಗೆಯೇ ಎಂದು ಊರಿಗೆಲ್ಲ ಡಂಗುರ ಸಾರಿಸಿದ.

ಅಂದು ಸಂಜೆ ಊರು ಬೇರೆ ಥರ ಇತ್ತು. ಜನ ನೋಡುವಾಕೆಯ ಮನೆಯ ಮುಂದೆ ಹಾಯುವಾಗ ತಲೆ ತಗ್ಗಿಸಿ ಬೇಗ ಹೆಜ್ಜೆ ಹಾಕಿದರು. ತಮ್ಮನನ್ನು ಕಂಡು ಯಾರೂ ನಗಲಿಲ್ಲ. ಮನೆಮನೆಯಲ್ಲೂ ಊಟಕ್ಕೆ ಕೂತವರು ತಟ್ಟೆಯಿಂದ ಕಣ್ಣೆತ್ತಿ ಪಂಕ್ತಿಯನ್ನು ಒಮ್ಮೆ ನೋಡಿದರು: ಕೆಲಸಕ್ಕೆ ಬಾರದ ಚಿಕ್ಕಪ್ಪನನ್ನು, ಮಾತು ತೊದಲುವ ಸೊಸೆಯನ್ನು, ಕೈ ನಡುಗುವ ಅಜ್ಜಿಯನ್ನು. ನೋಡಿಸಿಕೊಂಡವರಿಗೂ ಅದು ತಿಳಿಯಿತು. ಅವರು ಅನ್ನವನ್ನು ಎರಡನೇ ಸಲ ಹಾಕಿಸಿಕೊಳ್ಳಲಿಲ್ಲ.

ಬೆಳಗಾಯಿತು. ಹೊಳೆಯಿಂದ ಮಂಜು ಎದ್ದು ಓಣಿ ಓಣಿಯನ್ನೂ ತುಂಬಿತು. ಪೆಟ್ಟಿಗೆ ಕೆಲಸ ಮಾಡುವುದನ್ನು ನೋಡಬೇಕೆಂದು ಕೇಳುವಾಕೆ ಆ ಮನೆಯಲ್ಲೇ ಉಳಿದಿದ್ದಳು. ತಮ್ಮ ಎಂದಿನಂತೆ ಎದ್ದು ಹಿತ್ತಿಲ ಬಾಗಿಲಿಗೆ ಹೋಗಿ ನಿಂತ. ನೋಡುವಾಕೆ ಅವನ ಹೆಗಲು ಹಿಡಿದು ಒಲೆಯ ಮುಂದೆ, ತಾನು ದಿನಾ ಕೂರುವ ಜಾಗದಲ್ಲಿ ಕೂರಿಸಿದಳು.

"ಇವತ್ತು ನೀನು ಕೂತ್ಕೋ."

"ಅಕ್ಕ?" ಎಂದ ತಮ್ಮ.

"ಹೂಂ, ಅಕ್ಕನೇ. ಕೂತ್ಕೋ."

ಕೇಳುವಾಕೆ ಏನೋ ಹೇಳಲು ಎದ್ದಳು. ಅಷ್ಟರಲ್ಲಿ ನೋಡುವಾಕೆ ಹೊಸ್ತಿಲು ದಾಟಿಯಾಗಿತ್ತು. ಚಪ್ಪಡಿಯಲ್ಲಿ ಎರಡು ಪಾದದ ಅಳತೆಗೆ ತಗ್ಗು ಬಿದ್ದಿತ್ತು, ಮೊದಲು ಅಪ್ಪನದು, ಆಮೇಲೆ ತಮ್ಮನದು. ಆ ತಗ್ಗಿನಲ್ಲಿ ಕಾಲಿಟ್ಟು, ಕೈಕಟ್ಟಿ, ಎಲೆ ಅಡಿಕೆ ಮೆಲ್ಲುವಷ್ಟು ಹೊತ್ತು ಅವಳು ನಿಂತಳು. ಬೂದಿಯ ವಾಸನೆ ಬರಲಿಲ್ಲ. ಮುಂಗೈಗೆ ಭಾರವೂ ಆಗಲಿಲ್ಲ. ತಂಪಾಗಿತ್ತು, ಅಷ್ಟೇ.

ಒಳಗೆ ಬಂದವಳ ತಲೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಪೆಟ್ಟಿಗೆ ಶುರುಮಾಡಿತು. ಇದೇನು? ಉಪ್ಪು. ನಿಮ್ಮ ತಾಯಿ ಹಾಡುತ್ತಿದ್ದುದೇನು? ಹಾಡಿದಳು. ಈ ಹಕ್ಕಿ ಯಾವುದು, ಆ ಮರ ಯಾವುದು, ಕುಂಬಾರರ ಮನೆಯ ಮದುವೆಯಲ್ಲಿ ಏನು ಬಡಿಸಿದರು? ಅವಳಲ್ಲಿ ಎಲ್ಲವೂ ಇತ್ತು. ಕೇಳುತ್ತ ಹೋದರೆ ಮುಗಿಯುವಂತೆಯೇ ಇರಲಿಲ್ಲ. ಒಲೆಯ ಮೇಲಿನ ಅಕ್ಕಿ ಬೆಂದು ಅನ್ನವಾಯಿತು. ಊರು ಬಾಗಿಲ ಹಿಂದೆ ಚಡಪಡಿಸಿತು. ಎಲ್ಲದಕ್ಕೂ ಉತ್ತರ ಬರುವುದನ್ನು ಕೇಳಿ ಕೇಳುವಾಕೆಯ ಉಸಿರು ಸಡಿಲಾಯಿತು, ಅವಳ ಕೈ ಗಂಟೆಯ ಹಗ್ಗದ ಕಡೆ ಹೋಯಿತು.

"ಒಲೆಯ ಮುಂದೆ ಕೂತಿರುವವರು ಯಾರು?" ಎಂದಿತು ಪೆಟ್ಟಿಗೆ.

ಅವಳು ನೋಡಿದಳು. ನರೆತ ಗಡ್ಡದ ಒಬ್ಬ ಗಂಡಸು. ಅವನ ತಲೆ ಒಣಗಿದ್ದುದು ಕಂಡು ಅವಳಿಗೆ ಯಾಕೋ ತುಂಬ ಸಂತೋಷವಾಯಿತು. ಅವನಿಗೆ ಹಸಿವಾಗಿರಬೇಕು ಎನ್ನಿಸಿತು. ಆದರೆ ಅವನು ಯಾರು? ಎಷ್ಟು ಹುಡುಕಿದರೂ ಆ ಜಾಗದಲ್ಲಿ ಏನೂ ಇರಲಿಲ್ಲ. "ಯಾರಪ್ಪಾ ನೀನು?" ಎಂದು ಕೇಳಲು ಬಾಯಿ ತೆರೆದವಳು, ತನ್ನ ಅಪ್ಪ ಕೇಳಿದ ಪ್ರಶ್ನೆ ನೆನಪಾಗಿ, ಹೆದರಿ ಬಾಯಿ ಮುಚ್ಚಿದಳು.

ಅವನು ಎದ್ದು ಬಂದ. ಅವಳ ಒದ್ದೆ ತಲೆಯನ್ನು ತನ್ನ ಪಂಚೆಯ ತುದಿಯಿಂದ ಒರೆಸಿದ, ದಿನಾ ಯಾರೋ ತನಗೆ ಒರೆಸುತ್ತಿದ್ದ ಹಾಗೆಯೇ. ಅವಳನ್ನು ಒಲೆಯ ಮುಂದೆ ಕೂರಿಸಿದ. ಬೆಂಕಿ ತೋರಿಸಿ, "ಬೆಂಕಿ," ಎಂದ. ಚೆಂಬು ತೋರಿಸಿ, "ನೀರು," ಎಂದ. ಕೊನೆಗೆ ಅವಳ ಎದೆಯ ಮೇಲೆ ಬೆರಳಿಟ್ಟು, "ಅಕ್ಕ," ಎಂದ.

ಅವಳು ಆ ಮಾತನ್ನು ಹಿಡಿದುಕೊಂಡಳು. ನಾನು ಅಕ್ಕ. ಹಾಗಾದರೆ ಇವನು ತಮ್ಮ. ಇರಲೇಬೇಕು, ಬೇರೆ ಯಾರಾಗಿರಲು ಸಾಧ್ಯ? ನೆನಪಿನಿಂದಲ್ಲ, ಲೆಕ್ಕ ಹಾಕಿ ಅವಳು ಅವನನ್ನು ಮರಳಿ ಪಡೆದಳು. "ತಮ್ಮಾ," ಎಂದಳು, ಹೊಸ ಪದ ಕಲಿತವಳ ಹಾಗೆ ತಡೆದು ತಡೆದು.

"ಏನೋ ಒಂದು ಬಿಟ್ಟುಹೋಗಿದೆ," ಎಂದಿತು ಪೆಟ್ಟಿಗೆ. ಕೇಳುವಾಕೆ ಹಗ್ಗದಿಂದ ಕೈ ತೆಗೆದು, ಆ ಕೈಯನ್ನು ಎಲ್ಲಿಡುವುದೆಂದು ತಿಳಿಯದೆ ನಿಂತಳು.

ಗಂಟೆ ಹೊಡೆಯಲಿಲ್ಲ. ಬಿಸಿಲು ನೆತ್ತಿಗೇರುವ ತನಕ ಯಾರೂ ಹೊರಗೆ ಬರಲಿಲ್ಲ, ಯಾರೂ ಏನನ್ನೂ ಕಳೆದುಕೊಳ್ಳಲಿಲ್ಲ. ಮುಚ್ಚಿದ ಬಾಗಿಲುಗಳ ಹಿಂದೆ ಕೂತು ಊರು ಪೆಟ್ಟಿಗೆಯನ್ನು ಹೊಗಳುತ್ತಿತ್ತು. ಮೊದಲ ದಿನವೇ ಎಷ್ಟು ಸರಿಯಾಗಿ ಹೇಳಿತು ನೋಡಿ ಎಂದು ಗೋಡೆಯಿಂದ ಗೋಡೆಗೆ ಕೂಗಿ ಹೇಳಿಕೊಂಡಿತು. ಆ ಹೊಗಳಿಕೆ ಮಂಜಿನೊಳಗಿಂದ ನೋಡುವಾಕೆಯ ಮನೆಗೂ ಕೇಳಿಸಿತು. ಅವಳು ಅನ್ನ ಬಡಿಸುತ್ತಿದ್ದಳು. ತಟ್ಟೆಯ ಪಕ್ಕದಲ್ಲಿ ಚಿಟಿಕೆ ಉಪ್ಪು ಇಟ್ಟು, ಎದುರು ಕೂತವನಿಗೆ ತೋರಿಸಿ, "ಉಪ್ಪು," ಎಂದಳು.

ಅವನು ಅವಳ ಬಾಯನ್ನೇ ನೋಡಿದ.

"ಉಪ್ಪು," ಎಂದ.